ಮಾರಿ ಹೊಸಾದು, ಹೊಟ್ಟಿ ಹಳೇದು

ನಿಸ್ಸಾನ್ ಮ್ಯಾಗ್ನೈಟ್ ಅನ್ನೋ ಸಣ್ಣ ಎಸ್‌ಯುವಿಗೆ 2024ರ ಅಕ್ಟೋಬರ್‌ದಾಗ ಫೇಸ್‌ಲಿಫ್ಟ್ ಆತಲ್ಲ, ಭಾರೀ ಕ್ರಾಂತಿ! ಗ್ರಿಲ್ ಹಿಗ್ಗಿತು, ಸುತ್ತ ಪಿಯಾನೋ ಬ್ಲ್ಯಾಕ್, ಅಂದ್ರ ಕನ್ನಡಿಯಂಗ ಹೊಳಿಯೋ ಕರಿ ಬಣ್ಣ, ಬಂತು. ಎಲ್ಲಾ ಮಾಡೆಲ್‌ಗೂ ಆರು ಏರ್‌ಬ್ಯಾಗ್ ಕೊಟ್ಟಾರ, ಅದು ಖರೇನ ಛಲೋ ಕೆಲಸ, ನಗಬಾರದು. ಬಾನೆಟ್ ಎತ್ತಿದ್ರ ಮಾತ್ರ 2020ರ ಸಂಸಾರನ: 1.0 ಲೀಟರ್, ಮೂರು ಸಿಲಿಂಡರ್, ಶಕ್ತಿ ಟರ್ಬೊ ಇಲ್ಲದ್ದು 72 ಪಿಎಸ್, ಇದ್ದದ್ದು 100.

ಉದ್ದ 3,994 ಮಿ.ಮೀ. ಇದನ್ನ ಅಳೆದವ ಡಿಸೈನರ್ ಅಲ್ಲ, ತೆರಿಗಿ ಕಾನೂನು. 4 ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ಮೀರಬಾರದು. ಹಂಗಿದ್ರ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18. ಬಂಪರ್ ಒಂದು ಕಡ್ಲಿಕಾಳಿನಷ್ಟು ಮುಂದ ಬಂದ್ರ ಶೇ 40! ಅದಕ್ಕ ಮುಂದ ಪೈಲ್ವಾನನ ಎದಿ, ಹಿಂದ ಕಚಕ್ಕನ ಕತ್ತರಿಸಿದ ಬೆನ್ನು. ಹೆಸರು ಎಸ್‌ಯುವಿ, ಎಂಜಿನ್ ತಿರುಗಿಸೋದು ಮುಂದಿನ ಎರಡ ಗಾಲಿ.

ಬಂಪರ್ ಕೆಳಗ ಬೆಳ್ಳಿ ಬಣ್ಣದ ಸ್ಕಿಡ್ ಪ್ಲೇಟ್ ಒಂದೈತಿ. ಉಕ್ಕಿನ ಪ್ಲೇಟ್ ಆಗಿದ್ರ ಎಂಜಿನ್ ತಳದಾಗ ಆಯಿಲ್ ತುಂಬಿರೋ ಸಂಪ್ ಕಾಯ್ತಿತ್ತು. ಇದು ಪ್ಲಾಸ್ಟಿಕ್, ಇದನ್ನ ನಾವ ಕಾಯಬೇಕು. ಇನ್ನ ಆ ಪಿಯಾನೋ ಬ್ಲ್ಯಾಕ್! ಅದನ್ನ ಆರಿಸಿದ ಪುಣ್ಯಾತ್ಮ ನಮ್ಮ ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ದಾಗ ಫ್ಲೈಓವರ್ ಕಾಮಗಾರಿ ಮುಂದ ಒಂದು ತಾಸು ನಿಲ್ಲಬೇಕಿತ್ತು. ಎರಿಮಣ್ಣಿನ ಧೂಳು ಕುಂತಾಗ ಒಣ ಅರಿವಿಲೆ ಒರೆಸಿದ್ರೋ, ಕೂದಲೆಳಿ ಗೀರು ಬಿತ್ತು ಅಂತ ತಿಳೀರಿ. ಮೊದಲ ನೀರು ಬಿಟ್ಟು ಧೂಳು ಇಳಿಸಿ, ಆಮ್ಯಾಲ ಮೈಕ್ರೋಫೈಬರ್ ಮುಟ್ಟಿಸಬೇಕು.

ಗ್ರೌಂಡ್ ಕ್ಲಿಯರೆನ್ಸ್, ಅಂದ್ರ ನೆಲಕ್ಕೂ ಕಾರಿನ ಹೊಟ್ಟಿಗೂ ನಡುವಿನ ಜಾಗ, 205 ಮಿ.ಮೀ. ಅಂತಾರ, ಖಾಲಿ ಕಾರಿನ ಮಾತದು. ಐದು ಮಂದಿ, ಡಿಕ್ಕಿಯೊಳಗ ಒಂದು ಚೀಲ ಜೋಳ ಬಿದ್ರ ಸ್ಪ್ರಿಂಗ್ ಕುಂದರ್ತಾವ. ರೋಡಿನ ಅಳತಿ ಗೊತ್ತು ಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ರೋಡಿನ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಓಣಿಯವು ಉಳಿದ ಡಾಂಬರ್ ಸುರುವಿ ರಾತ್ರೋರಾತ್ರಿ ಹುಟ್ಟಿದ ಗ್ವಾಡಿ, ಬಣ್ಣಾನೂ ಇಲ್ಲ. ಉಬ್ಬು ಏರುವಾಗ ಬ್ರೇಕ್ ತುಳಿದ್ರ ಮೂತಿ ಬಗ್ಗಿ ಬಂಪರ್ ತಾಗತೈತಿ. ಮೊದಲ ನಿಧಾನ ಮಾಡಿ, ಗಾಲಿ ಏರೂದ್ರೊಳಗ ಬ್ರೇಕ್ ಬಿಡಬೇಕು.

5 ಲಕ್ಷ ದಾಟಿದ, 10 ಲಕ್ಷದೊಳಗಿನ ಕಾರಿಗೆ ರಾಜ್ಯ ಸರ್ಕಾರ ಶೇ 14 ಜೀವಾವಧಿ ತೆರಿಗಿ ಮುಂಚೇನ ಎಣಿಸ್ಕೊಂತೈತಿ. ಬದಲಿಗೆ ಏನು ಕೊಟ್ಟಾರ? ಪೈಪ್ ಹಾಕಾಕ ಅಗೀತಾರ, ಮಣ್ಣು ಧಮ್ಮಸ್ ಹಾಕದನ ಮ್ಯಾಲ ಡಾಂಬರ್ ಬಳೀತಾರ, ಮೊದಲ ಮಳಿಗೆ ಕುಸೀತೈತಿ, ಮತ್ತ ಅಗೀತಾರ. ಸಾಕಾಗೇತ್ರಿ. ಗುಡ್ಡ ಹತ್ತಾಕಲ್ಲ, ಗೋಕುಲ್ ರೋಡಿಂದ ಕೇಶ್ವಾಪುರಕ್ಕ ಹೋಗಾಕ ಮಂದಿ ಎಸ್‌ಯುವಿ ತಗೊಳಾಕತ್ತಾರ.

ಟೆಸ್ಟ್ ಡ್ರೈವ್‌ಗೆ ಶೋರೂಮಿನವ್ರು ಬಿಆರ್‌ಟಿಎಸ್ ಬಸ್ಸಿನ ದಾರಿ ಬಾಜೂಕಿನ ನುಣುಪಾದ ರೋಡಿಗೆ ಕರ್ಕೊಂಡು ಹೊಂಟ್ರ ಒಪ್ಪಬ್ಯಾಡ್ರಿ. ಮನಿಮಂದಿನೆಲ್ಲ ಹತ್ತಿಸ್ಕೊಂಡು, ನಿಮ್ಮ ಓಣಿಗೇ ತಿರುಗಿಸ್ರಿ.