ಅಪ್ಪನ ಹೊಟ್ಟೆಹುಣ್ಣು ಮತ್ತು ಮಿರ್ಚಿ ಮೇಲಿನ ಅಪವಾದ

ಮೊನ್ನೆ ಸಂಜೆ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇದ್ದ ಹೊತ್ತಿಗೆ ಪರಿಚಯದವರೊಬ್ಬರು ಬಂದು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ನೋಡ್ರಿಲ್ಲೆ ಅಣ್ಣಾರ, ಹೊಸಾ ಸಂಶೋಧನಿ ಬಂದೈತಿ. ಜ್ವಾಳದ ರೊಟ್ಟಿ ತಿನ್ನೋರಿಗೆ ಯಾವ ರೋಗಾನೂ ಬರಂಗಿಲ್ಲಂತ." ಕೆಳಗೆ ಬಿಳಿ ಕೋಟಿನ ಒಬ್ಬ ಪರದೇಶಿಯ ಫೋಟೊ. ಹೆಸರಿಲ್ಲ, ಊರಿಲ್ಲ, ಯಾವ ವರ್ಷದ ಮಾತು ಅಂತಲೂ ಇಲ್ಲ. "ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ" ಅಂತ ನಮ್ಮಜ್ಜಿ ಯಾವ ಕೋಟೂ ಹಾಕಿಕೊಳ್ಳದೆ ಹೇಳುತ್ತಿದ್ದಳು.

ನಾನು ಸಿಂಧನೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟು 25 ವರ್ಷ ದಾಟಿತು. ಇಂಥ 'ಹೊಸಾ ಸಂಶೋಧನಿ' ವಾರಕ್ಕೆ ನಾಲ್ಕು ಬರುತ್ತವೆ. ನಗುತ್ತೇನೆ, ಗುಳಿಗೆ ಕೊಡುತ್ತೇನೆ, ಚಿಲ್ಲರೆ ಕೊಡುತ್ತೇನೆ. ಆದರೆ ಅವತ್ತು ರಾತ್ರಿ ಶಟರ್ ಎಳೆಯುವಾಗ ಯಾಕೋ ಅಪ್ಪ ನೆನಪಾದರು. ನಿಜವಾಗಿಯೂ ಬಾಯಿ ಮೇಲೆ ಬೆರಳಿಡುವಂಥ ಎರಡು ಸಂಶೋಧನೆಗಳು ನಮ್ಮ ತಟ್ಟೆಗೇ ಸಂಬಂಧಪಟ್ಟಿವೆ. ಒಂದು ಮಿರ್ಚಿಯದು, ಇನ್ನೊಂದು ಜೋಳದ್ದು. ಎರಡರಲ್ಲೂ ಒಬ್ಬೊಬ್ಬ ಡಾಕ್ಟರು ನುಂಗಬಾರದ್ದನ್ನು ನುಂಗಿದ್ದಾನೆ. ಇವು ಮಾತ್ರ ಯಾರ ಮೊಬೈಲಿಗೂ ಬರುವುದಿಲ್ಲ.

ಅಪ್ಪ ರೈಸ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಒಂದು ಪ್ಲೇಟ್ ಮಂಡಾಳ ಒಗ್ಗರಣಿ, ಮೇಲೆ ಎರಡು ಮಿರ್ಚಿ, ಅರ್ಧ ಚಹಾ. ಅಷ್ಟಾದರೆ ಅವರ ದಿನ ಶುರು. 1993ರ ಸುಮಾರಿಗೆ ಹೊಟ್ಟೆನೋವು ಹತ್ತಿಕೊಂಡಿತು. ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದರು. ಎದೆಗೂಡಿನ ಕೆಳಗೆ ಬೆರಳಿಟ್ಟು "ಇಲ್ಲೇ, ಕೆಂಡ ಇಟ್ಟಂಗ" ಅನ್ನುತ್ತಿದ್ದರು. ಅವ್ವ ತಣ್ಣನೆ ಹಾಲು ಕೊಟ್ಟರೆ ತುಸು ಹೊತ್ತು ಸಮಾಧಾನ, ಆಮೇಲೆ ಮತ್ತೆ ಅದೇ ಉರಿ. ಹಾಲು ಮೊದಲು ತಂಪು ಮಾಡಿ ಆಮೇಲೆ ಆಮ್ಲವನ್ನು ಇನ್ನಷ್ಟು ಊರಿಸುತ್ತದೆ ಅನ್ನುವುದು ಆಗ ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿತ್ತು?

ತೋರಿಸಿದ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಅಲ್ಸರ್ ಅಂದರು. ಎರಡು ಬಿಡಬೇಕು ಅಂದರು: ಖಾರ ಮತ್ತು ಚಿಂತೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಾಗ ಗುಮಾಸ್ತನಾದವನು ಚಿಂತೆಯನ್ನು ಎಲ್ಲಿ ಇಟ್ಟು ಬರಬೇಕು? ಹಾಗಾಗಿ ಖಾರ ಒಂದೇ ಕೈಗೆ ಸಿಕ್ಕಿತು. ಮನೆಯಲ್ಲಿ ಎರಡು ಗಡಿಗೆ ಶುರುವಾದವು. ನಮಗೆ ಖಾರದ್ದು, ಅಪ್ಪನಿಗೆ ಸಪ್ಪನದು. ರಂಜಕದ ಭರಣಿ ಅವರ ಕಣ್ಣಿಗೆ ಬೀಳದಂತೆ ಮಾಡದ ಹಿಂದಕ್ಕೆ ಹೋಯಿತು. ಮದುವೆ ಊಟಕ್ಕೆ ಕೂತರೆ ಎಲೆ ಅವರದು, ಕಣ್ಣು ಎಲ್ಲರದು. ಬದನೆಕಾಯಿ ಪಲ್ಯಕ್ಕೆ ಕೈ ಹಾಕಿದರೆ ಸಾಕು, "ಬಾಯಿ ಕಟ್ಟೋದು ಕಲೀರಿ ಸ್ವಲ್ಪ" ಅಂತ ಯಾರಾದರೂ ಅನ್ನುತ್ತಿದ್ದರು. ನಾನೂ ಅಂದಿದ್ದೇನೆ, ಡಿ.ಫಾರ್ಮ ಓದಿದ ಮೇಲೂ.

ಹೀಗೆ 11 ವರ್ಷ. 2004ರಲ್ಲಿ ಊಟ ಸೇರದೆ ತೂಕ ಇಳಿದಾಗ ರಾಯಚೂರಿಗೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿದೆವು. ಬಾಯಿಂದ ಪೈಪು ಇಳಿಸಿದ ಡಾಕ್ಟರು ನನಗಿಂತ ಚಿಕ್ಕವರು. ಹುಣ್ಣು ತೋರಿಸಿದರು. ಆಮೇಲೆ ಜಠರದ ಒಳಪದರದಿಂದ ಅಕ್ಕಿಕಾಳಿಗಿಂತ ಸಣ್ಣ ಚೂರು ಚಿವುಟಿ, ಹಳದಿ ಜೆಲ್ ಇದ್ದ ಒಂದು ಪುಟ್ಟ ಗುಳಿಯಲ್ಲಿ ಇಟ್ಟರು. "ಕೂಡ್ರಿ, ನೋಡೋಣ" ಅಂದರು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಆ ಹಳದಿಯ ಒಂದು ಮೂಲೆ ಗುಲಾಬಿ ಬಣ್ಣಕ್ಕೆ ತಿರುಗಿತು, ನೋಡನೋಡುತ್ತ ಇಡೀ ಗುಳಿ ಕೆಂಪಾಯಿತು. ಅಪ್ಪ ಬಗ್ಗಿ ನೋಡಿ, "ಇದು ಆರತಿ ನೀರಾತಲ್ಲೋ" ಅಂದರು.

ಅಪ್ಪ ಹೇಳಿದ್ದು ಹೆಚ್ಚುಕಮ್ಮಿ ಸರಿಯೇ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಸುಣ್ಣ ಕ್ಷಾರವಾದ್ದರಿಂದ. ಇಲ್ಲಿ ಸುಣ್ಣದ ಕೆಲಸ ಮಾಡಿದ್ದು ಅಮೋನಿಯಾ. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಸುರುಳಿ ಆಕಾರದ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ಅದನ್ನೇ ಕಂಬಳಿಯಂತೆ ಸುತ್ತಿಕೊಂಡು ಜಠರದ ಆಮ್ಲದಲ್ಲಿ ಬದುಕುತ್ತದೆ. ಜೆಲ್‌ನಲ್ಲಿ ಯೂರಿಯಾ ಇತ್ತು, ಅಪ್ಪನ ಚೂರಿನಲ್ಲಿ ಬ್ಯಾಕ್ಟೀರಿಯಾ ಇತ್ತು. ಅಷ್ಟೇ ಕಥೆ. ಎರಡು ಬಗೆಯ ಆಂಟಿಬಯಾಟಿಕ್, ಜೊತೆಗೆ ಆಮ್ಲ ಕಡಿಮೆ ಮಾಡುವ ಗುಳಿಗೆ, 14 ದಿನ. "ಬಾಯಾಗ ತಾಮ್ರದ ಚೊಂಬು ಇಟ್ಟಂಗ ಆಗೇದ" ಅಂತ ಗೊಣಗುತ್ತಲೇ ಮುಗಿಸಿದರು. ನೋವು ಹೋಯಿತು, ಹುಣ್ಣು ಮಾಯಿತು.

ಅಪ್ಪ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಸಿಟ್ಟಿಗೆದ್ದರು. ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. "ನೋವು ಹೋಗ್ಲಿ ಬಿಡು. ಹನ್ನೊಂದು ವರ್ಷ ನನಗ ನಾಲಿಗಿ ಚಪಲದಾಂವ ಅಂದ್ರಲ್ಲ, ಅದನ್ನ ಯಾರು ವಾಪಸ್ ತಗೋತಾರ?" ಅಂದರು.

ಮರುವರ್ಷ, 2005ರ ಅಕ್ಟೋಬರಿನಲ್ಲಿ, ಪೇಪರಿನಲ್ಲಿ ನೊಬೆಲ್ ಸುದ್ದಿ ಬಂತು. ಇದೇ ಬ್ಯಾಕ್ಟೀರಿಯಾಕ್ಕೆ. ಓದುತ್ತಾ ಹೋದಂತೆ ನನಗೆ ನಾಚಿಕೆಯಾಯಿತು. ಆಸ್ಟ್ರೇಲಿಯಾದ ಪರ್ತ್ ಊರಿನಲ್ಲಿ ರಾಬಿನ್ ವಾರೆನ್ ಅನ್ನುವ ಪೆಥಾಲಜಿಸ್ಟ್ 1979ರಲ್ಲೇ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಜಠರದ ಆಮ್ಲದಲ್ಲಿ ಏನೂ ಬದುಕುವುದಿಲ್ಲ ಅನ್ನುವುದು ಆಗಿನ ವೇದವಾಕ್ಯ, ಹಾಗಾಗಿ ಯಾರೂ ಕಿವಿಗೊಡಲಿಲ್ಲ. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಹುಡುಗ ಡಾಕ್ಟರು ಜೊತೆಯಾದರು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ನೋಡಿದರೆ ಬೆಳೆಯುತ್ತಲೇ ಇಲ್ಲ. ಎರಡು ದಿನ ನೋಡಿ ತಟ್ಟೆ ಎಸೆಯುವುದು ಅಲ್ಲಿಯ ರೂಢಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೇ ಉಳಿದವು. ವಾಪಸ್ ಬಂದು ನೋಡಿದರೆ ಬೆಳೆದು ಕೂತಿತ್ತು! ಅದಕ್ಕೆ ಬೇಕಾಗಿದ್ದದ್ದು ಇನ್ನೊಂದಿಷ್ಟು ದಿನದ ಪುರುಸೊತ್ತು.

ಆದರೂ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್, ಮೊದಲು ತನ್ನ ಹೊಟ್ಟೆಯನ್ನು ಎಂಡೋಸ್ಕೋಪಿ ಮಾಡಿಸಿಕೊಂಡು, ಆಮೇಲೆ ಬ್ಯಾಕ್ಟೀರಿಯಾ ಬೆರೆಸಿದ ದ್ರಾವಣವನ್ನು ಗಟಗಟ ಕುಡಿದುಬಿಟ್ಟರು. ಹೆಂಡತಿಗೆ ಮೊದಲು ಹೇಳಿರಲಿಲ್ಲ. ಕೆಲವೇ ದಿನದಲ್ಲಿ ಹೊಟ್ಟೆ ಭಾರ, ವಾಂತಿ, ಬಾಯಿ ವಾಸನೆ. ಮತ್ತೆ ಪೈಪು ಇಳಿಸಿದಾಗ ಜಠರದ ಪದರ ಕೆಂಪಗೆ ಊದಿಕೊಂಡಿತ್ತು, ಒಳಗೆ ಅದೇ ಸುರುಳಿ ಬ್ಯಾಕ್ಟೀರಿಯಾ. ಹುಣ್ಣೇ ಆಯಿತು ಅಂತ ಕೆಲವರು ಬರೆಯುತ್ತಾರೆ. ಆಗಿದ್ದು ಉರಿಯೂತ, ಹುಣ್ಣಲ್ಲ. ಆದರೆ ಅದೇ ಹುಣ್ಣಿನ ಮೊದಲ ಮೆಟ್ಟಿಲು. ಇದಕ್ಕೂ ಮುಂಚೆ, 1958ರಿಂದಲೇ, ಗ್ರೀಸಿನ ಜಾನ್ ಲಿಕೌಡಿಸ್ ಅನ್ನುವ ಊರ ಡಾಕ್ಟರು ಅಲ್ಸರಿಗೆ ಆಂಟಿಬಯಾಟಿಕ್ ಕೊಟ್ಟು ವಾಸಿ ಮಾಡುತ್ತಿದ್ದರಂತೆ. ಅವರಿಗೆ ಸಿಕ್ಕಿದ್ದು ಬಹುಮಾನವಲ್ಲ, ದಂಡ.

ಸುದ್ದಿ ಓದಿ ಹೇಳಿದೆ. ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಆ ಮನಷ್ಯಾ ಕುಡಿದಿದ್ದು ಯಾವಾಗಂದಿ?" 1984 ಅಂದೆ. ಬೆರಳು ಮಡಚಿ ಲೆಕ್ಕ ಹಾಕಿದರು. ತನಗೆ ನೋವು ಶುರುವಾಗುವುದಕ್ಕೆ ಒಂಬತ್ತು ವರ್ಷ ಮುಂಚೆ. ಪರ್ತ್‌ನಿಂದ ಸಿಂಧನೂರಿಗೆ ಬರಲು ಆ ಮಾತು ತೆಗೆದುಕೊಂಡ ಸಮಯ 20 ವರ್ಷ. ಹಸಿಸುಳ್ಳು ಈಗ 20 ಸೆಕೆಂಡಿನಲ್ಲಿ ಬರುತ್ತದೆ.

ಮಿರ್ಚಿಯ ಪರವಾಗಿ ಇನ್ನೊಂದು ಸಾಕ್ಷಿಯಿದೆ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ತಂಡ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರದ ಯಾವ ಬಾಗಿಲು ಬಡಿಯುತ್ತದೆ ಅಂತ ಪತ್ತೆ ಹಚ್ಚಿತು. ಅದೇ ಬಾಗಿಲು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆಯುತ್ತದೆ. ಅಂದರೆ ಮಿರ್ಚಿ ಬಾಯಿ ಸುಡುವುದಿಲ್ಲ, ಸುಟ್ಟಿತು ಅಂತ ಮೆದುಳಿಗೆ ಸುಳ್ಳು ಟಪಾಲು ಕಳಿಸುತ್ತದೆ. 43 ಡಿಗ್ರಿ ಅಂದರೆ ನಮ್ಮ ಮೇ ತಿಂಗಳು. ನಾವು ಬಿಸಿಲಲ್ಲಿ ನಿಂತು ಬಿಸಿಲನ್ನೇ ತಿನ್ನುವ ಜನ. ಈ ಶೋಧಕ್ಕೆ 2021ರಲ್ಲಿ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹುಣ್ಣು ಇದ್ದವರಿಗೆ ಖಾರ ತಿಂದಾಗ ಉರಿ ಜಾಸ್ತಿಯಾಗಬಹುದು, ಅದು ಬೇರೆ. ಊಟಕ್ಕೂ ಹುಣ್ಣಿಗೂ ಸಂಬಂಧವೇ ಇಲ್ಲ ಅಂತಲೂ ನಾನು ಹೇಳುತ್ತಿಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ಫ್ರಾಂಕ್ ಟೋವಿ, ಅನ್ನ ತಿನ್ನುವ ದಕ್ಷಿಣದಲ್ಲಿ ಈ ಹುಣ್ಣು ಹೆಚ್ಚು, ಗೋಧಿ ತಿನ್ನುವ ಉತ್ತರದಲ್ಲಿ ಕಡಿಮೆ ಅಂತ ಹಿಂದೆಯೇ ಗುರುತಿಸಿದ್ದರು. ಬ್ಯಾಕ್ಟೀರಿಯಾ ಅಂತೂ ಜಗತ್ತಿನ ಸುಮಾರು ಅರ್ಧ ಜನರ ಹೊಟ್ಟೆಯಲ್ಲಿದೆ, ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಆದ್ದರಿಂದ ಇದನ್ನು ಓದಿ ನಾಳೆ ನನ್ನ ಅಂಗಡಿಗೆ ಬಂದು "ಆ ಹದಿನಾಕು ದಿನದ್ದು ಕೊಡ್ರಿ" ಅನ್ನಬೇಡಿ. ಕೊಡುವುದಿಲ್ಲ.

ಈಗ ಜೋಳದ ಮಾತು. ಇದು ತಿರುವುಮುರುವು ಕಥೆ.

ನೂರು ವರ್ಷದ ಹಿಂದೆ ಅಮೆರಿಕದ ದಕ್ಷಿಣ ಭಾಗದಲ್ಲಿ ಪೆಲಾಗ್ರಾ ಎಂಬ ರೋಗ ಜನರನ್ನು ತಿನ್ನುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಒರಟಾಗುತ್ತದೆ, ಕೊರಳ ಸುತ್ತ ಸರದಂತೆ ಪಟ್ಟಿ ಮೂಡುತ್ತದೆ. ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. ಇದು ಅಂಟುರೋಗ ಅಂತ ದೊಡ್ಡ ದೊಡ್ಡವರೆಲ್ಲ ನಂಬಿದ್ದರು, ರೋಗಿಗಳನ್ನು ದೂರ ಇಡುತ್ತಿದ್ದರು. 1914ರಲ್ಲಿ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಡಾಕ್ಟರನ್ನು ಕಳಿಸಿತು. ಅವರು ಅನಾಥಾಲಯ, ಹುಚ್ಚಾಸ್ಪತ್ರೆ ಸುತ್ತಿ ಒಂದೇ ಸಂಗತಿ ಹಿಡಿದರು: ಒಳಗಿರುವವರಿಗೆ ರೋಗ ಬರುತ್ತದೆ, ಅವರನ್ನು ಮುಟ್ಟಿ ತೊಳೆದು ನೋಡಿಕೊಳ್ಳುವ ಸಿಬ್ಬಂದಿಗೆ ಬರುವುದಿಲ್ಲ. ಅಂಟುರೋಗ ಆಗಿದ್ದರೆ ಅದಕ್ಕೆ ಸಂಬಳ ತಗೊಳ್ಳುವವರು ಯಾರು ಅಂತ ಹೇಗೆ ಗೊತ್ತಾಗಬೇಕು? ವ್ಯತ್ಯಾಸ ಇದ್ದದ್ದು ಊಟದಲ್ಲಿ. ಬಡವರ ತಟ್ಟೆಯಲ್ಲಿ ಮೆಕ್ಕೆಜೋಳ, ಕಾಕಂಬಿ, ಹಂದಿ ಕೊಬ್ಬು ಬಿಟ್ಟರೆ ಹಾಲಿಲ್ಲ, ಮಾಂಸವಿಲ್ಲ, ಬೇಳೆಯಿಲ್ಲ.

ನಂಬದವರಿಗೆ ತೋರಿಸಲು 1916ರಲ್ಲಿ ಅವರು ಮಾಡಿದ್ದನ್ನು ಊಟದ ಹೊತ್ತಲ್ಲಿ ಓದಬೇಡಿ. ರೋಗಿಗಳ ರಕ್ತ ಚುಚ್ಚಿಸಿಕೊಂಡರು. ಅವರ ಚರ್ಮದ ಹಕ್ಕಳೆ, ಮಲ, ಮೂತ್ರವನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಕಟ್ಟಿ ನುಂಗಿದರು. ಹೆಂಡತಿ ಮೇರಿಯೂ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಪೆಲಾಗ್ರಾ ಬರಲಿಲ್ಲ. ಕೊರತೆ ಇದ್ದದ್ದು ನಯಾಸಿನ್ ಎಂಬ ಬಿ ವಿಟಮಿನ್ನಿನದು ಅಂತ ಗೊತ್ತಾಗಿದ್ದು 1937ರಲ್ಲಿ, ಗೋಲ್ಡ್‌ಬರ್ಗರ್ ತೀರಿಕೊಂಡು ಎಂಟು ವರ್ಷಕ್ಕೆ.

ಮೆಕ್ಕೆಜೋಳದ ತವರು ಮೆಕ್ಸಿಕೊದಲ್ಲಿ ಈ ಕಾಟ ಇರಲಿಲ್ಲ. ಅಲ್ಲಿಯ ಹೆಂಗಸರು ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬುತ್ತಿದ್ದರು, ಸುಣ್ಣ ಆ ವಿಟಮಿನ್ನಿನ ಕಟ್ಟು ಬಿಚ್ಚುತ್ತಿತ್ತು. ಹಡಗಿನವರು ಕಾಳು ತಗೊಂಡು ಹೋದರು, ಸುಣ್ಣ ಮರೆತರು. ಮತ್ತೆ ಸುಣ್ಣವೇ ಬಂತು ನೋಡಿ.

ನಮ್ಮ ಜೋಳಕ್ಕೂ ಇದಕ್ಕೂ ಏನು ಸಂಬಂಧ? ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲೂ ಪೆಲಾಗ್ರಾ ಇತ್ತು. ಹೈದರಾಬಾದಿನ ಪೋಷಣಾ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅದನ್ನು ಅಭ್ಯಾಸ ಮಾಡಿ, ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಕಾರಣವಿರಬೇಕು ಅಂತ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆ ವಾದದ ಮೇಲೆ ಆಮೇಲೆ ಬಹಳ ಚರ್ಚೆಯಾಗಿದೆ. ನಾನು ಜೋಳದ ವೈರಿಯಲ್ಲ, ಇವತ್ತೂ ರಾತ್ರಿ ಎರಡು ರೊಟ್ಟಿ ಪುಂಡಿಪಲ್ಯದ ಜೊತೆ ಇಳಿದಿವೆ. ಪಲ್ಯ, ಬೇಳೆ, ಶೇಂಗಾ ಹಿಂಡಿ, ಮೊಸರು ಇದ್ದವನಿಗೆ ಜೋಳ ಅಮೃತ. ಜೋಳ ಮಾತ್ರ ಇದ್ದವನ ಗತಿ ಬೇರೆ. ಬರಗಾಲದಲ್ಲಿ ಕೊರಳ ಸುತ್ತ ಚರ್ಮ ಕರ್ರಗಾಗಿ ತಿಕ್ಕಲು ಹಿಡಿದ ಜನರ ಬಗ್ಗೆ ಅಜ್ಜಿ ಹೇಳುತ್ತಿದ್ದಳು. "ದೇವಿ ಮುನಿದಿದ್ಲು" ಅನ್ನುತ್ತಿದ್ದಳು. ಅದು ಇದೇ ರೋಗವೇ ಅಂತ ನಾನು ಆಣೆ ಮಾಡಲಾರೆ, ಆದರೆ ಕಾಲೇಜಿನ ಪುಸ್ತಕದಲ್ಲಿ ಆ ಕೊರಳಪಟ್ಟಿಯ ಚಿತ್ರ ನೋಡಿದ ದಿನ ಅಜ್ಜಿಯ ದನಿ ಕೇಳಿಸಿತ್ತು.

ಎಲ್ಲರೂ ಊಟದ ತಪ್ಪು ಅಂದಾಗ ಒಬ್ಬ ಬ್ಯಾಕ್ಟೀರಿಯಾ ಕುಡಿದು ಅಲ್ಲ ಅಂದ. ಎಲ್ಲರೂ ಸೋಂಕು ಅಂದಾಗ ಇನ್ನೊಬ್ಬ ಹೇಸಿಗೆ ನುಂಗಿ ಊಟದ್ದು ಅಂದ. ನನಗೆ ಇವೆರಡರಲ್ಲಿ ಹಿಡಿಸಿದ್ದು ನುಂಗಿದ ಧೈರ್ಯಕ್ಕಿಂತ, ಇಬ್ಬರೂ ರೋಗಿಯ ಮೇಲಿನ ಅಪವಾದ ಇಳಿಸಿದರಲ್ಲ, ಅದು. ಗೋಲ್ಡ್‌ಬರ್ಗರ್ ಮಾತು ಅಲ್ಲಿಯ ದೊಡ್ಡ ಮಂದಿಗೆ ಸೇರಲಿಲ್ಲ. ಸೋಂಕಾದರೆ ಯಾರ ತಪ್ಪೂ ಅಲ್ಲ, ಹೊಟ್ಟೆಗಿಲ್ಲದ್ದು ಅಂದರೆ ಕೂಲಿ ಎಷ್ಟು ಕೊಡುತ್ತೀರಿ ಅನ್ನುವ ಪ್ರಶ್ನೆ ಬರುತ್ತದೆ.

ಹೋದ ವಾರ ಹಳ್ಳಿಯಿಂದ ಒಬ್ಬ ಅವ್ವ ಬಂದಿದ್ದರು. ಹತ್ತಿ ಬಿಡಿಸುವ ಕೈ, ಬೆರಳ ತುದಿಯೆಲ್ಲ ಸೀಳು. "ಗ್ಯಾಸಿಂದು ಗುಳಿಗಿ ಕೊಡಪಾ. ಖಾರ ಬಿಟ್ಟು ಮೂರು ತಿಂಗಳಾತು, ಆದ್ರೂ ಹೊಟ್ಟಿ ಉರಿ ಹೋಗವಲ್ದು" ಅಂದರು. ಬೇರೆ ಏನು ತಗೋತೀಯವ್ವ ಅಂದೆ. ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಸವೆದ ಸ್ಟ್ರಿಪ್ ತೋರಿಸಿದರು. ಮೈಕೈ ನೋವಿನ ಗುಳಿಗೆ. ದಿನಕ್ಕೆ ಎರಡು, ಒಮ್ಮೊಮ್ಮೆ ಮೂರು, ಬೆಳಿಗ್ಗೆ ಬರೀ ಚಹಾದ ಮೇಲೆ, ವರ್ಷದಿಂದ. ಆ ಬ್ಯಾಕ್ಟೀರಿಯಾ ಬಿಟ್ಟರೆ ಹೊಟ್ಟೆಹುಣ್ಣಿಗೆ ಎರಡನೇ ದೊಡ್ಡ ಕಾರಣ ಇವೇ ಗುಳಿಗೆಗಳು. ಜಠರವನ್ನು ಕಾಯುವ ಲೋಳೆಪದರವನ್ನೇ ತೆಳ್ಳಗೆ ಮಾಡುತ್ತವೆ. ನಾನೂ ಹಿಂದೆ ಚೀಟಿ ಕೇಳದೆ ಎಷ್ಟೋ ಮಾರಿದ್ದೇನೆ, ಸುಳ್ಳು ಯಾಕೆ ಹೇಳಲಿ.

"ಖಾರ ಬೇಕಾದ್ರ ತಿನ್ನವ್ವಾ, ಇದನ್ನ ಬಿಡು. ನಾಳಿ ದವಾಖಾನಿಗೆ ಹೋಗಿ ತೋರಿಸು" ಅಂದೆ.

"ಇದನ್ನ ಬಿಟ್ರ ಹತ್ತಿ ಬಿಡಸಾಕ ನೀ ಬರ್ತೀಯೇನಪಾ?" ಅಂತ ನಕ್ಕರು. ಸ್ಟ್ರಿಪ್ಪನ್ನು ಮತ್ತೆ ಗಂಟು ಕಟ್ಟಿಕೊಂಡು, ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದರು.