ಘನತೆವೆತ್ತ, ಗಾತ್ರವೆತ್ತ, ಇತರೆ

ಎಂಟು ವರ್ಷ ಕಾದಾಡಿ ರಾಜನ ಹಂಗು ಕಳೆದುಕೊಂಡವರಿಗೆ, ರಾಜನಲ್ಲದವನನ್ನು ಏನೆಂದು ಕರೆಯಬೇಕು ಎಂಬುದೇ ಬಗೆಹರಿಯಲಿಲ್ಲ. 1789ರಲ್ಲಿ ನ್ಯೂಯಾರ್ಕಿನ ಫೆಡರಲ್ ಹಾಲ್‌ನಲ್ಲಿ ಸೇರಿದ್ದ ಅಮೆರಿಕದ ಮೊಟ್ಟಮೊದಲ ಸೆನೆಟ್, ಅಂದರೆ ಸಂಸತ್ತಿನ ಮೇಲ್ಮನೆ, ಸುಮಾರು ಮೂರು ವಾರ ಬಿರುದು ಬಾವಲಿಗಳ ಚಿಂತೆಯಲ್ಲೇ ಬಡವಾಯಿತು.

ಬಡತನ ಮೊದಲೇ ಇತ್ತೆನ್ನಿ. ಯುದ್ಧದ ಸಾಲ ತೀರಿರಲಿಲ್ಲ. ಬಂದರಿಗೆ ಹಡಗುಗಳು ಬರುತ್ತಿದ್ದವು, ಸುಂಕ ವಸೂಲಿಗೆ ಕಾನೂನೇ ಇರಲಿಲ್ಲ. ಅದಕ್ಕೆ ಸಹಿ ಬಿದ್ದದ್ದು ಜುಲೈ 4ಕ್ಕೆ. ಅಧ್ಯಕ್ಷ ವಾಷಿಂಗ್ಟನ್ನರೇ ಕೈಸಾಲ ಮಾಡಿ ಪ್ರಮಾಣವಚನಕ್ಕೆ ಬಂದಿದ್ದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಏಪ್ರಿಲ್ 30, ಪ್ರಮಾಣವಚನದ ದಿನ. ಸೆನೆಟ್ ಪೀಠದಲ್ಲಿದ್ದ ಉಪಾಧ್ಯಕ್ಷ ಜಾನ್ ಆಡಮ್ಸರಿಗೆ ಧರ್ಮಸಂಕಟ: ಅಧ್ಯಕ್ಷರ ಭಾಷಣವನ್ನು ನಿಂತು ಕೇಳಬೇಕೋ, ಕುಳಿತು ಕೇಳಬೇಕೋ? ಒಬ್ಬ ಸದಸ್ಯರು ಲಂಡನ್ನಿನ ಸಂಪ್ರದಾಯ ವಿವರಿಸಿದರು. ಇನ್ನೊಬ್ಬರು ಎದ್ದು, ಅಲ್ಲಿ ಕಾಮನ್ಸ್ ಸಭೆಯವರು ನಿಲ್ಲುವುದು ಕೂರಲು ಆಸನವಿಲ್ಲದ್ದಕ್ಕೆ ಎಂದರು. ಇತ್ತ, ಅಧ್ಯಕ್ಷರನ್ನು ಕರೆತರಬೇಕಾಗಿದ್ದವರೂ ಹೊರಡದೆ ಇಲ್ಲೇ ಉಳಿದುಬಿಟ್ಟಿದ್ದರಿಂದ ಸಭೆ ಒಂದು ಗಂಟೆ ಹತ್ತು ನಿಮಿಷ ಬಾಗಿಲು ನೋಡುತ್ತಾ ಕಾಯಿತು. ಪೆನ್ಸಿಲ್ವೇನಿಯಾದ ಸೆನೆಟರ್ ವಿಲಿಯಂ ಮೆಕ್ಲೇ ಹಲ್ಲು ಕಡಿಯುತ್ತಾ ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಆ ಸಿಡುಕಿಗೆ ನಾವು ಋಣಿಗಳು.

ಬರೀ 'ಪ್ರೆಸಿಡೆಂಟ್' ಎಂದರೆ ಏನು ಮಹಾ ಎಂಬುದು ಆಡಮ್ಸರ ಅಳಲು. ಬೆಂಕಿ ಆರಿಸುವ ಸಂಘಕ್ಕೂ ಪ್ರೆಸಿಡೆಂಟ್ ಇರುತ್ತಾನೆ, ಕ್ರಿಕೆಟ್ ಕ್ಲಬ್ಬಿಗೂ ಇರುತ್ತಾನೆ! ಪೀಠದಿಂದಲೇ ನಲವತ್ತು ನಿಮಿಷ ಕೊರೆದರು. ಸೆನೆಟ್ಟಿನ ಸಮಿತಿ ಕೊನೆಗೆ ಹೆತ್ತದ್ದು ಇದನ್ನು: 'ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರೂ ಅವುಗಳ ಸ್ವಾತಂತ್ರ್ಯ ಸಂರಕ್ಷಕರೂ ಆದ ಘನತೆವೆತ್ತ ಮಹಾಪ್ರಭುಗಳು'. ಬಾಗಿಲಲ್ಲಿ ಇದನ್ನು ಕೂಗಿ ಮುಗಿಸುವಷ್ಟರಲ್ಲಿ ಮಹಾಪ್ರಭುಗಳು ಊಟ ಮುಗಿಸಿ ಎದ್ದಿರುತ್ತಿದ್ದರು.

ಸರ್ಕಾರ ಯಾರಿಗೂ ಕುಲೀನ ಪದವಿ ಕೊಡಕೂಡದೆಂದು ಸಂವಿಧಾನದಲ್ಲೇ ಬರೆದಿದೆಯಲ್ಲ ಎಂದು ಮೆಕ್ಲೇ ಗೋಗರೆದರು. ಮ್ಯಾಡಿಸನ್ ಮೊದಲಾದವರಿದ್ದ ಕೆಳಮನೆ ಜಗ್ಗಲಿಲ್ಲ. ಸುದ್ದಿ ಕೇಳಿದ ಜೆಫರ್ಸನ್, ಆಗ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿ, ಪ್ಯಾರಿಸ್ಸಿನಲ್ಲಿ ಕೂತು ನಕ್ಕರು. ಬಿರುದು ಹುಡುಕಲು ಹೊರಟ ದುಂಡುಮೈಯ ಆಡಮ್ಸರಿಗೆ ಮಾತ್ರ ಒಂದು ಬಿರುದು ದಕ್ಕಿತು: ಕುಚೋದ್ಯದವರು ಅವರನ್ನು 'ಗಾತ್ರವೆತ್ತ ಪ್ರಭುಗಳು' ಎಂದರು.

ಮೇ 14ರಂದು ಸೆನೆಟ್ ಸೋತಿತು. ಗೌರವಯುತ ಬಿರುದು ಬೇಕೆಂಬುದೇ ನಮ್ಮ ಅಭಿಪ್ರಾಯ, ಕೆಳಮನೆಯೊಂದಿಗಿನ ಸಾಮರಸ್ಯಕ್ಕಾಗಿ ಸದ್ಯಕ್ಕೆ ಬಿಟ್ಟಿದ್ದೇವೆ ಎಂದು ಕಡತದಲ್ಲಿ ಬರೆಸಿತು. ಮೀಸೆ ಮಣ್ಣಾಗಲಿಲ್ಲ.

ಅಂದಹಾಗೆ, ಆ 'ಸ್ವಾತಂತ್ರ್ಯ ಸಂರಕ್ಷಕ' ವಾಷಿಂಗ್ಟನ್ನರ ಮೌಂಟ್ ವರ್ನನ್ ಜಮೀನಿನಲ್ಲಿ ಇನ್ನೂರಕ್ಕೂ ಮಿಕ್ಕಿ ಗುಲಾಮರು ದುಡಿಯುತ್ತಿದ್ದರು. ಅವರನ್ನು ಏನೆಂದು ಕರೆಯಬೇಕೆಂಬುದಕ್ಕೆ ಸೆನೆಟ್ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. 1787ರ ಸಂವಿಧಾನ ಎರಡೇ ಪದಗಳಲ್ಲಿ ಮುಗಿಸಿತ್ತು: 'ಇತರ ವ್ಯಕ್ತಿಗಳು'. ಜನಸಂಖ್ಯೆಯ ಲೆಕ್ಕದಲ್ಲಿ, ಐವರು ಗುಲಾಮರು ಸೇರಿದರೆ ಮೂವರು.