ದೋಣಿ ಹತ್ತುವ ಮೊದಲಿನ ಅರ್ಜಿ

ಸಿರಿಯಾದ ಕೊಬಾನಿ ಪಟ್ಟಣದ ಕುರ್ದ್ ಸಮುದಾಯದ ಬಾಲಕ ಅಲಾನ್ ಕುರ್ದಿಯ ಕುಟುಂಬ 2015ರ ಸೆಪ್ಟೆಂಬರ್ 2ರಂದು ಟರ್ಕಿಯ ಬೊದ್ರುಮ್ ಬಳಿಯಿಂದ ಗ್ರೀಸಿನ ಕೋಸ್ ದ್ವೀಪಕ್ಕೆ ಹೊರಟದ್ದನ್ನು ವಿವರಿಸುತ್ತ, ಅಷ್ಟು ಅಪಾಯದ ಸಮುದ್ರದ ದಾರಿಯನ್ನು ತಂದೆ ಏಕೆ ಹಿಡಿದರೆಂದು ಆ ಬಾಲಕನ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಕೇಳಿದ್ದಾರೆ. ಆ ಪ್ರಶ್ನೆಗೆ ಉತ್ತರವನ್ನು ಕಚೇರಿಯ ಕಡತಗಳಲ್ಲಿ ಹುಡುಕಬೇಕು.

ಕೆನಡಾದಲ್ಲಿ ನೆಲೆಸಿದ್ದ ಅಲಾನನ ಸೋದರತ್ತೆ ಮೊದಲು ತಮ್ಮ ಇನ್ನೊಬ್ಬ ಸಹೋದರನ ಕುಟುಂಬವನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದರು. ಆ ಕುಟುಂಬವನ್ನು ನಿರಾಶ್ರಿತರೆಂದು ಮಾನ್ಯ ಮಾಡಿದ ದಾಖಲೆ ಲಗತ್ತಾಗಿಲ್ಲವೆಂಬ ಕಾರಣಕ್ಕೆ ಅದು ಅಪೂರ್ಣವೆಂದು ಹಿಂದಿರುಗಿತು. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ಒಳಪಟ್ಟಿದ್ದರೂ, ಯುರೋಪಿನಿಂದ ಬಂದವರಿಗಷ್ಟೇ ಪೂರ್ಣ ನಿರಾಶ್ರಿತ ಸ್ಥಾನ ಕೊಡುವ ಷರತ್ತನ್ನು ಉಳಿಸಿಕೊಂಡಿರುವ ಟರ್ಕಿಯಲ್ಲಿ ಸಿರಿಯಾದವರಿಗೆ ಸಿಗುತ್ತಿದ್ದುದು ತಾತ್ಕಾಲಿಕ ರಕ್ಷಣೆ ಮಾತ್ರ. ಒಂದು ದೇಶ ಕೇಳುವ ಕಾಗದವನ್ನು ಇನ್ನೊಂದು ದೇಶ ಕೊಡುವುದೇ ಇಲ್ಲವೆಂದಾದರೆ ಅದೇ ಟರ್ಕಿಯಲ್ಲಿದ್ದ ಅಲಾನನ ತಂದೆಯಾದರೂ ಏನು ಮಾಡಬೇಕಿತ್ತು?

ಕಾಗದವಿಲ್ಲದ ಸಂಕಟ ಕುರ್ದರಿಗೆ ಹೊಸದೂ ಅಲ್ಲ. 1962ರಲ್ಲಿ ಸಿರಿಯಾದ ಹಸಕಾ ಪ್ರಾಂತ್ಯದಲ್ಲಿ ಒಂದೇ ದಿನದಲ್ಲಿ ನಡೆಸಿದ ಜನಗಣತಿಯಿಂದ ಸುಮಾರು 1,20,000 ಕುರ್ದರು ಪೌರತ್ವ ಕಳೆದುಕೊಂಡರು. ಅವರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ತಾವು ಹುಟ್ಟಿದ ಮಣ್ಣಿನಲ್ಲೇ ವಿದೇಶಿಯರೆಂಬ ಗುರುತಿನ ಚೀಟಿ ಹಿಡಿದು ಬೆಳೆದರು.

ದಡದಲ್ಲಿ ಬೋರಲಾಗಿ ಬಿದ್ದಿದ್ದ ಆ ಕೆಂಪು ಅಂಗಿಯ, ನೀಲಿ ಚಡ್ಡಿಯ ಮಗುವಿನ ಪುಟ್ಟ ಬೂಟುಗಳ ತಳ ನನಗೆ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಆ ಬೂಟುಗಳನ್ನು ಯಾರೋ ಕಾಲಿಗೆ ಜೋಪಾನವಾಗಿ ತೊಡಿಸಿದ್ದರು. ಅಲಾನನ ಜೊತೆ ಅಣ್ಣ ಮತ್ತು ತಾಯಿಯೂ ಮುಳುಗಿದರು. ಅರ್ಜಿ ವಾಪಸಾಗಿದ್ದ ಸಹೋದರನ ಕುಟುಂಬವನ್ನು ಕೆನಡಾ ಅದೇ ಡಿಸೆಂಬರ್‌ನಲ್ಲಿ ಬರಮಾಡಿಕೊಂಡಿತು.